ಕೈಯಲ್ಲಿ ಮಾಡಿದ ಇಂಡಕ್ಷನ್ ಹೀಟರ್: ಅದರ ಸರ್ಕೀಟನ್ನು ನಾವು ತಿದ್ದಿಕೊಂಡ ಬಗೆ

(ಸಂಘದ ರಜತ ಮಹೋತ್ಸವದ ಕೃಷಿ ಉಪಕರಣ ಗೋಷ್ಠಿಯಲ್ಲಿ ಸಂಘದ ರಿಪೇರಿ ಶೆಡ್ಡಿನ ಬಳಗದವರು ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಸಮಾರಂಭದಲ್ಲಿ ನಮಗೂ ಹದಿನೈದು ನಿಮಿಷ ಕೊಟ್ಟಿದ್ದಾರೆ. ವೇದಿಕೆ ಹತ್ತಿ ಮಾತಾಡಿ ನಮಗೆ ಅಭ್ಯಾಸವಿಲ್ಲ. ನಾವು ನಾಲ್ವರು. ಒಬ್ಬರು ಮೋಟಾರ್ ವೈಂಡಿಂಗ್ ಮಾಡುವವರು, ಒಬ್ಬರು ಟಿ.ವಿ. ರಿಪೇರಿಯವರು, ಒಬ್ಬರು ಕುಲುಮೆ ಮನೆಯವರು, ಇನ್ನೊಬ್ಬ ಐಟಿಐ ಮುಗಿಸಿದ ಹುಡುಗ. ಸಂಘದ ದುಡ್ಡು 9,500 ರೂಪಾಯಿ ನಮ್ಮ ಕೈಗೆ ಬಂದು ಏನಾಯಿತು ಅನ್ನೋದನ್ನ ಸದಸ್ಯರ ಮುಂದೆ ಹೇಳಬೇಕಾದ್ದು ನಮ್ಮ ಕರ್ತವ್ಯ. ಅದಕ್ಕೇ ಈ ಮಾತು.

ಮೂರು ವರ್ಷದ ಹಿಂದಿನ ಸುಗ್ಗಿ ನಿಮಗೆಲ್ಲ ನೆನಪಿರಬಹುದು. ಕಣದ ಪಕ್ಕ ನಿಂತಿದ್ದ ಟ್ರ್ಯಾಕ್ಟರಿನ ಕಲ್ಟಿವೇಟರ್‌ನಲ್ಲಿ ಒಂದು ನಟ್ಟು ತುಕ್ಕು ಹಿಡಿದು ಕೂತಿತ್ತು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದರೂ ಬರಲಿಲ್ಲ. ಗ್ಯಾಸ್ ಉರಿ ಹಿಡಿದು ಕಾಯಿಸಿದೆವು. ನಟ್ಟು ಬಂತು, ಆದರೆ ಕಿಡಿ ಹಾರಿ ನಮ್ಮೂರ ಅಜ್ಜಿಯೊಬ್ಬರ ಹುಲ್ಲಿನ ಬಣವೆ ಪೂರಾ ಹೋಯಿತು. ಆ ಗ್ಯಾಸ್ ಹಿಡಿದಿದ್ದವರು ನಾವೇ. ಉರಿಯಿಲ್ಲದೆ ನಟ್ಟೊಂದನ್ನೇ ಕಾಯಿಸುವ ದಾರಿ ಹುಡುಕಬೇಕು ಅನ್ನಿಸಿದ್ದು ಆವತ್ತು.

ಇಂಡಕ್ಷನ್ ಒಲೆ ಈಗ ಎಷ್ಟೋ ಮನೆಯಲ್ಲಿದೆ. ತತ್ವ ಅದೇ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ವಿಷಯ: ಸುರುಳಿಯಲ್ಲಿ ಕರೆಂಟು ದಿಕ್ಕು ಬದಲಿಸುತ್ತಾ ಹರಿದರೆ ಪಕ್ಕದ ಲೋಹದಲ್ಲೂ ಕರೆಂಟು ಹುಟ್ಟುತ್ತದೆ. ಕಬ್ಬಿಣದ ನಟ್ಟು ಆ ಕರೆಂಟಿಗೆ ತಾನೇ ಕಾಯುತ್ತದೆ. ಸುರುಳಿ ನಟ್ಟನ್ನು ಮುಟ್ಟುವುದೂ ಬೇಡ. ನಟ್ಟು ಕಾದು ಹಿಗ್ಗುತ್ತದೆ, ಒಳಗಿನ ಬೋಲ್ಟು ಇನ್ನೂ ತಣ್ಣಗಿರುತ್ತದೆ, ತುಕ್ಕು ಬಿಡುತ್ತದೆ. ನಮ್ಮ ಯಂತ್ರದಲ್ಲಿ ಸುರುಳಿ ಸುಮಾರು 1 ಮೈಕ್ರೋಹೆನ್ರಿ, ಅದಕ್ಕೆ ಜೋಡಿಸಿದ ಕೆಪಾಸಿಟರ್ ಸುಮಾರು 2 ಮೈಕ್ರೋಫ್ಯಾರಡ್. ಇವೆರಡೂ ಉಯ್ಯಾಲೆಯ ಹಾಗೆ ಸೆಕೆಂಡಿಗೆ ಸುಮಾರು 1 ಲಕ್ಷ 12 ಸಾವಿರ ಸಲ ತೂಗುತ್ತವೆ. ಆ ಉಯ್ಯಾಲೆಯನ್ನು ಎರಡು ಕಡೆಯಿಂದ ಸರದಿಯಲ್ಲಿ ನೂಕುವವು ಎರಡು ಮಾಸ್‌ಫೆಟ್‌ಗಳು. ಹವ್ಯಾಸಿಗಳು ಇದನ್ನು ಮಝಿಲ್ಲಿ ಸರ್ಕೀಟು ಅನ್ನುತ್ತಾರೆ. ಇದು ನಮ್ಮ ಶೋಧನೆಯಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸಾಮಾನು ತಂದು ಜೋಡಿಸಿದ್ದಷ್ಟೇ ನಾವು.

ಮೊದಲ ಯಂತ್ರ ಶೆಡ್ಡಿನಲ್ಲಿ ಒಂದೆರಡು ಸಣ್ಣ ನಟ್ಟು ಕಾಯಿಸಿತು. ನಮಗೆ ಜಂಬ ಬಂತು. ಹೋದ ವರ್ಷದ ಮಹಾಸಭೆಯಲ್ಲಿ ತಂದು ಎಲ್ಲರೆದುರು ಇಟ್ಟೆವು. ಸ್ವಿಚ್ ಹಾಕಿದೆವು, 'ಟಪ್' ಅಂತು, ಹೊಗೆ ಬಂತು, ಅಷ್ಟೇ. ಹಿರಿಯರೊಬ್ಬರು ಎದ್ದು ನಿಂತು, "ಏನ್ರಪ್ಪಾ, ಸಂಘದ ದುಡ್ಡು ಹೊಗೆ ಆಯ್ತಲ್ಲ" ಅಂದರು. ಸಭೆ ನಕ್ಕಿತು. ಅವರ ಮಾತು ಸುಳ್ಳಾಗಿರಲಿಲ್ಲ. ಅಷ್ಟು ಹೊತ್ತಿಗೆ ನಾವು ಹನ್ನೊಂದು ಮಾಸ್‌ಫೆಟ್ ಸುಟ್ಟಿದ್ದೆವು. ಸುಟ್ಟಾಗಲೆಲ್ಲ ಮಾಲು ಸರಿಯಿಲ್ಲ ಅಂತ ಅಂಗಡಿಯವನನ್ನು ಬೈದು ಇನ್ನೊಂದು ತರುವುದು, ಹಾಕುವುದು, ಮತ್ತೆ ಸುಡುವುದು. ಯೋಜನೆ ನಿಲ್ಲಿಸಿ ಅನ್ನುವ ಮಾತು ಬಂದಾಗ ಎದ್ದು ಮಾತಾಡಿದವರು ಬಣವೆ ಕಳೆದುಕೊಂಡ ಅಜ್ಜಿ. "ಹೋಗಿದ್ದು ಹೋಯ್ತು ಕಣ್ರಪ್ಪಾ. ಅದು ಯಾಕೆ ಸುಡ್ತದೆ ಅಂತ ನೀವೇ ಹೇಳ್ತಿಲ್ಲವಲ್ಲ. ಮೊದಲು ಅದ ನೋಡಿ." ಆರು ತಿಂಗಳ ಗಡುವು ಸಿಕ್ಕಿತು.

ಯಾಕೆ ಸುಡ್ತದೆ ಅಂತ ನಾವು ನಿಜಕ್ಕೂ ಅಳೆದೇ ಇರಲಿಲ್ಲ. ಮಲ್ಟಿಮೀಟರ್ ತಂದು ಯಂತ್ರ ಓಡುತ್ತಿರುವಾಗಲೇ ಎರಡು ಕಡೆ ಹಿಡಿದೆವು. ಬ್ಯಾಟರಿಯ ತಲೆಯಲ್ಲಿ 11.8 ವೋಲ್ಟ್. ಬೋರ್ಡಿನ ಹತ್ತಿರ 8.6 ವೋಲ್ಟ್! ಮೂರು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಮಾಯ. ಒಂದೇ ಬ್ಯಾಟರಿಯಲ್ಲಿ ಶಾಖ ಬರಲಿ ಅಂತ ಸುರುಳಿಯ ಸುತ್ತು ಕಡಿಮೆ ಮಾಡಿ 30 ಆಂಪಿಯರ್ ಎಳೆಸುತ್ತಿದ್ದೆವು, ಅದೂ ಮನೆ ವೈರಿಂಗಿನ ತಂತಿಯಲ್ಲಿ, ಸಡಿಲ ಕ್ಲಿಪ್ಪು ಸಿಕ್ಕಿಸಿ. ಸುಮಾರು 95 ವಾಟ್ ತಂತಿ ಕಾಯಿಸುವುದಕ್ಕೇ ಹೋಗುತ್ತಿತ್ತು.

ಹೋದದ್ದು ಶಾಖ ಮಾತ್ರವಾಗಿದ್ದರೆ ಸಹಿಸಬಹುದಿತ್ತು. ಕೆರೆಯ ತೂಬು ಎಲ್ಲರಿಗೂ ಗೊತ್ತು. ಮಾಸ್‌ಫೆಟ್ಟಿನ ಗೇಟೂ ಹಾಗೇ. ಅದಕ್ಕೆ ಸುಮಾರು 10 ವೋಲ್ಟ್ ಕೊಟ್ಟರೆ ಬಾಗಿಲು ಪೂರ್ತಿ ತೆರೆಯುತ್ತದೆ, ಕರೆಂಟು ಸಲೀಸಾಗಿ ಹೋಗುತ್ತದೆ. ನಾವು ಬಳಸಿದ ಐಆರ್‌ಎಫ್‌ಪಿ 260 ಎನ್‌ನಲ್ಲಿ ಪೂರ್ತಿ ತೆರೆದಾಗ ತಡೆ ಬರೀ 0.04 ಓಮ್. 15 ಆಂಪಿಯರ್ ಹೋದರೂ 9 ವಾಟ್ ಶಾಖ, ಅದೂ ಅರ್ಧ ಹೊತ್ತು. ನಾವು ಕೊಡುತ್ತಿದ್ದ 8.6 ವೋಲ್ಟು ಕಡಿಮೆ, ಅದೂ ಗೇಟಿಗೆ ನಿಧಾನವಾಗಿ ಏರುತ್ತಿತ್ತು. ಹಾಗಾಗಿ ಬಾಗಿಲು ಅರ್ಧದಲ್ಲೇ ನಿಲ್ಲುತ್ತಿತ್ತು. ಅರ್ಧ ತೆರೆದ ತೂಬಿನಲ್ಲಿ ನೀರು ಬಾಗಿಲನ್ನೇ ಉಜ್ಜಿಕೊಂಡು ಹೋಗುವ ಹಾಗೆ ಕರೆಂಟು ಮಾಸ್‌ಫೆಟ್ಟನ್ನೇ ಕಾಯಿಸುತ್ತಿತ್ತು. ಅಂಗಡಿಯವನನ್ನು ಬೈದದ್ದು ತಪ್ಪು. ಈ ಸಭೆಯಲ್ಲೇ ಅವನ ಕ್ಷಮೆ ಕೇಳುತ್ತೇವೆ.

ಮೊದಲ ತಿದ್ದುಪಡಿ, ಎರಡು ಟ್ರ್ಯಾಕ್ಟರ್ ಬ್ಯಾಟರಿಯನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿದ್ದು. 360 ವಾಟಿಗೆ 12 ವೋಲ್ಟಿನಲ್ಲಿ 30 ಆಂಪಿಯರ್ ಬೇಕು, 24ರಲ್ಲಿ 15 ಸಾಕು. ಕರೆಂಟು ಅರ್ಧವಾದರೆ ಅದೇ ತಂತಿಯಲ್ಲಿ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಮೇಲಾಗಿ ತಂತಿಯನ್ನೂ ದಪ್ಪ ಮಾಡಿ ಗಿಡ್ಡ ಮಾಡಿದೆವು, ಕ್ಲಿಪ್ಪು ಬಿಸಾಕಿ ಬೋಲ್ಟು ಹಾಕಿದೆವು. ಈಗ ದಾರಿಯ ನಷ್ಟ ಕಾಲು ವೋಲ್ಟೂ ಇಲ್ಲ. 24 ವೋಲ್ಟ್ ಗೇಟಿಗೆ ನೇರ ಹೋದರೆ ಗೇಟು ಒಡೆದುಹೋಗುತ್ತದೆ, ಅದಕ್ಕೆ 12 ವೋಲ್ಟಿನ ಝೀನರ್ ಡಯೋಡು ಕಾವಲಿದೆ. ಗೇಟಿನ 470 ಓಮ್ ರೆಸಿಸ್ಟರಿನಲ್ಲಿ ಈಗ ಸುಮಾರು ಮುಕ್ಕಾಲು ವಾಟ್ ಶಾಖ ಬೀಳುತ್ತದೆ. ಲೆಕ್ಕ ಹಾಕದೆ ಕಾಲು ವಾಟಿನದು ಹಾಕಿ ಅದನ್ನೂ ಕರಿ ಮಾಡಿದೆವು. ಈಗ 2 ವಾಟಿನದು ಇದೆ.

ಆದರೂ ಸ್ವಿಚ್ ಹಾಕುವ ಗಳಿಗೆಯಲ್ಲಿ ಎರಡು ಸಲ ಸುಟ್ಟಿತು. ಹಳೇ ಸ್ವಿಚ್ಚು ಕಿಡಿ ಹಾರಿಸುತ್ತಾ ತೊದಲುತ್ತಿತ್ತು. ವೋಲ್ಟೇಜು ಒಂದೇ ಏಟಿಗೆ ಬರದೆ ತಡವರಿಸಿ ಬಂದರೆ ಎರಡು ಮಾಸ್‌ಫೆಟ್ಟೂ ಒಟ್ಟಿಗೆ ತೆರೆದುಬಿಡುತ್ತವೆ, ಉಯ್ಯಾಲೆ ಶುರುವಾಗುವುದೇ ಇಲ್ಲ. ಬ್ಯಾಟರಿ ಶಾರ್ಟ್ ಆದ ಹಾಗೆ. ಅದಕ್ಕೆ ದಾರಿ ಎರಡು ಮಾಡಿದೆವು. ಮೊದಲು ದಪ್ಪ ರಿಲೇ ಮೂಲಕ ಸುರುಳಿಗೆ 24 ವೋಲ್ಟ್ ಬರುತ್ತದೆ, ಆಗ ಗೇಟಿಗೆ ಏನೂ ಇರುವುದಿಲ್ಲ, ಎರಡು ಬಾಗಿಲೂ ಮುಚ್ಚಿರುತ್ತವೆ. ಆಮೇಲೆ ಒಂದು ಸಣ್ಣ ಸ್ವಿಚ್ಚಿನಿಂದ ಗೇಟಿಗೆ ಕೊಡುತ್ತೇವೆ. ಆಗ ಯಾವುದೋ ಒಂದು ಮೊದಲು ತೆರೆದು ಇನ್ನೊಂದನ್ನು ಮುಚ್ಚಿಸುತ್ತದೆ, ಉಯ್ಯಾಲೆ ತೂಗುತ್ತದೆ. ಜೊತೆಗೆ 20 ಆಂಪಿಯರಿನ ಫ್ಯೂಸು. ಮೊದಲಿನ ಯಂತ್ರಕ್ಕೆ ಫ್ಯೂಸೇ ಇರಲಿಲ್ಲ ಅಂತ ಹೇಳೋಕೆ ನಾಚಿಕೆಯಾಗುತ್ತದೆ.

ಇನ್ನು ಕೆಪಾಸಿಟರ್. ಬ್ಯಾಟರಿಯಿಂದ ಬರುವುದು 15 ಆಂಪಿಯರ್ ಆದರೂ ಸುರುಳಿ ಮತ್ತು ಕೆಪಾಸಿಟರಿನ ನಡುವೆ ಓಡಾಡುವುದು ಸುಮಾರು 75 ಆಂಪಿಯರ್. ಇದನ್ನು ಕೇಳಿ ನಮಗೇ ನಂಬಿಕೆ ಬರಲಿಲ್ಲ. ಉಯ್ಯಾಲೆಗೆ ನೂಕುವ ಕೈ ಸಣ್ಣದು, ತೂಗುವ ಭಾರ ದೊಡ್ಡದು ಅಂತ ತಿಳಿಯಿರಿ. ಒಂದೇ ದಪ್ಪ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿದ್ದೆವು, ಅದು ಉಬ್ಬಿ ಬಿರಿಯಿತು. ಈಗ 0.33 ಮೈಕ್ರೋಫ್ಯಾರಡಿನ ಆರು ಪಾಲಿಪ್ರೊಪಿಲೀನ್ ಕೆಪಾಸಿಟರ್‌ಗಳನ್ನು ಅಕ್ಕಪಕ್ಕ ಜೋಡಿಸಿ ತಾಮ್ರದ ಪಟ್ಟಿಗೆ ಹಾಕಿದ್ದೇವೆ. ಒಂದೊಂದರ ಪಾಲಿಗೆ ಹನ್ನೆರಡು, ಹದಿಮೂರು ಆಂಪಿಯರ್. ಮುಟ್ಟಿದರೆ ಬೆಚ್ಚಗಿರುತ್ತದೆ, ಅಷ್ಟೇ.

ಅಷ್ಟು ಕರೆಂಟು ಹೊತ್ತ ಸುರುಳಿಯೂ ಸುಮ್ಮನಿರುವುದಿಲ್ಲ. ಈ ವೇಗದಲ್ಲಿ ಕರೆಂಟು ತಾಮ್ರದ ಮೇಲಿನ 0.2 ಮಿಲಿಮೀಟರ್ ಸಿಪ್ಪೆಯಲ್ಲೇ ಹರಿಯುತ್ತದೆ, ಒಳಗಿನ ತಾಮ್ರ ದಂಡ. ಅದಕ್ಕೇ ಫ್ರಿಜ್ ರಿಪೇರಿಯವರ ಕಾಲು ಇಂಚಿನ ತಾಮ್ರದ ಕೊಳವೆ. ಒಳಗೆ ಮರಳು ತುಂಬಿ ಸುತ್ತಿದರೆ ಮಡಚುವುದಿಲ್ಲ, ಇದು ಕುಲುಮೆ ಮನೆಯವರ ಬುದ್ಧಿ. ಕೊಳವೆ ಕಾದು ಬೆಸುಗೆಯೇ ಕರಗಿ ಬಿದ್ದಾಗ ಒಳಗೆ ನೀರು ಹರಿಸಬೇಕು ಅಂತಾಯಿತು. ಪಂಪಿಗೆ ದುಡ್ಡಿಲ್ಲ. ಮೂಲೆಯಲ್ಲಿ ಸಂಘದ್ದೇ ಒಂದು ಬ್ಯಾಟರಿ ಸ್ಪ್ರೇಯರ್ ಬಿದ್ದಿತ್ತು. ಅದರ 12 ವೋಲ್ಟಿನ ಪಂಪು, ಅದರದೇ ಟ್ಯಾಂಕು. ಔಷಧಿ ವಾಸನೆ ಹೋಗುವ ತನಕ ತೊಳೆದು ಜೋಡಿಸಿದೆವು. ನೀರು ಸುರುಳಿಯಲ್ಲಿ ಹೋಗಿ ಟ್ಯಾಂಕಿಗೇ ವಾಪಸು ಬರುತ್ತದೆ.

ಈಗ ಕಲ್ಟಿವೇಟರಿನ 16 ಮಿಲಿಮೀಟರ್ ಬೋಲ್ಟಿನ ನಟ್ಟು ಒಂದೂವರೆ, ಎರಡು ನಿಮಿಷದಲ್ಲಿ ಸಡಿಲವಾಗುತ್ತಿದೆ. ಇಪ್ಪತ್ತು ನಿಮಿಷದ ಕೆಲಸಕ್ಕೆ ಬ್ಯಾಟರಿಯಿಂದ 5 ಆಂಪಿಯರ್-ಅವರ್ ಖರ್ಚು, ಟ್ರ್ಯಾಕ್ಟರ್ ಆಮೇಲೂ ಸ್ಟಾರ್ಟ್ ಆಗುತ್ತದೆ. ಕುಡುಗೋಲಿಗೆ ಹದ ಹಾಕೋಕೆ ಆಗುತ್ತಾ ಅಂತ ಕೇಳುತ್ತಿದ್ದಾರೆ. ಕಬ್ಬಿಣ ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಲ್ಲಿಂದಾಚೆ ನಮ್ಮ ಯಂತ್ರಕ್ಕೂ ಅದನ್ನು ಕಾಯಿಸುವುದು ಕಷ್ಟ. ಹದಕ್ಕೆ ಇನ್ನೂ ಸ್ವಲ್ಪ ಮೇಲೆ ಹೋಗಬೇಕು. ಸಣ್ಣ ಉಳಿಯ ತುದಿಗೆ ಆಯಿತು, ಕುಡುಗೋಲಿನ ಅಲಗಿಗೆ ಆಗಲಿಲ್ಲ. ಅದಕ್ಕೆ ಕುಲುಮೆಗೇ ಹೋಗಿ.

ಹನ್ನೊಂದು, ಆಮೇಲೆ ಎರಡು ಜೊತೆ, ಒಟ್ಟು ಹದಿನೈದು ಮಾಸ್‌ಫೆಟ್ ಸುಟ್ಟಿದ್ದೇವೆ. ಅವು ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಹಾಕಿವೆ, ಲೆಕ್ಕ ಪರಿಶೋಧಕರು ಎಣಿಸಿಕೊಳ್ಳಬಹುದು. ಕೊನೆಯ ಜೊತೆ ಹಾಕಿ ನಾಲ್ಕು ತಿಂಗಳಾಯಿತು, ಓಡುತ್ತಿದೆ.

ಯಂತ್ರ ಸೋಮವಾರ, ಗುರುವಾರ ಶೆಡ್ಡಿನಲ್ಲಿ ಸಿಗುತ್ತದೆ. ಬೆರಳಲ್ಲಿ ಉಂಗುರ, ಕೈಯಲ್ಲಿ ಬಳೆ, ಕಡಗ ಇದ್ದವರು ಸುರುಳಿ ಹತ್ತಿರ ಕೈ ತರಬೇಡಿ. ನಮ್ಮಲ್ಲೊಬ್ಬರ ಬೆರಳಲ್ಲಿ ಉಂಗುರದ ಗುರುತು ಇನ್ನೂ ಇದೆ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಶೆಡ್ಡಿನ ಒಳಗೇ ಬರಬೇಡಿ, ಹೊರಗೆ ಕೂತಿರಿ, ಕೆಲಸ ಮಾಡಿ ತಂದುಕೊಡುತ್ತೇವೆ. ಇನ್ನೊಂದು ಮಾತು. ತುಕ್ಕು ಬಿಡಲಿ ಅಂತ ಹಿಂದಿನ ರಾತ್ರಿ ನಟ್ಟಿಗೆ ಡೀಸೆಲ್ ಸುರಿದುಕೊಂಡು ಬರುತ್ತಾರೆ. ಉರಿ ಇಲ್ಲ ಅಂತ ಧೈರ್ಯ ಮಾಡಬೇಡಿ, ನಟ್ಟು ಕಾದರೆ ಡೀಸೆಲ್ ಹೊತ್ತಿಕೊಳ್ಳುತ್ತದೆ. ಒಣಗಿದ ನಟ್ಟನ್ನೇ ತನ್ನಿ.