ಪಿಯಾನೋ ಹುಟ್ಟಿ ಬೆಳೆದ ಬಗೆ

ಬೂದಿಗೆರೆಯಂಥ ಊರಿನ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವುದನ್ನು ನೀವು ಕೇಳಿರಬಹುದು. ಅದರ ಮೇಲಿರುವಂಥ ಬಿಳಿ, ಕರಿ ಪಟ್ಟಿಗಳ ಸಾಲೇ ಪಿಯಾನೋದಲ್ಲಿಯೂ ಉಂಟು. ಆದರೆ ಈ ಹೋಲಿಕೆ ಹೊರಗಿನದು ಮಾತ್ರ. ಹಾರ್ಮೋನಿಯಂ ಗಾಳಿಯಿಂದ ನುಡಿಯುತ್ತದೆ. ಪಿಯಾನೋ ತಂತಿಯ ವಾದ್ಯ.

ಪಿಯಾನೋಗೆ ಮುಂಚೆ ಯೂರೋಪಿನಲ್ಲಿ ಹಾರ್ಪ್ಸಿಕಾರ್ಡ್ ಎಂಬ ವಾದ್ಯ ಬಳಕೆಯಲ್ಲಿತ್ತು. ಪಟ್ಟಿಯನ್ನು ಒತ್ತಿದರೆ ಒಳಗಿನ ಸಣ್ಣ ಕೊಕ್ಕೊಂದು ತಂತಿಯನ್ನು ಮೀಟುತ್ತಿತ್ತು. ವೀಣೆಯಲ್ಲಿ ಮೀಟುವ ಬೆರಳು ನಮ್ಮದೇ ಆದುದರಿಂದ ನಾದವನ್ನು ಏರಿಸಬಹುದು, ಇಳಿಸಬಹುದು. ಅಲ್ಲಿ ಹಾಗಿಲ್ಲ. ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ದನಿ ಹೆಚ್ಚುಕಡಿಮೆ ಒಂದೇ.

ಈ ಕೊರತೆಯನ್ನು ನೀಗಿದವನು ಫ್ಲಾರೆನ್ಸ್ ನಗರದ ಮೆದಿಚಿ ರಾಜಮನೆತನದಲ್ಲಿ ವಾದ್ಯಗಳನ್ನು ಮಾಡುತ್ತಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ. 1700ರ ಸುಮಾರಿಗೆ ಅವನು ಮೀಟುವ ಕೊಕ್ಕನ್ನು ತೆಗೆದು, ಬಡಿಯುವ ಪುಟ್ಟ ಸುತ್ತಿಗೆಯನ್ನಿಟ್ಟ. ಕೇಳಲು ಸುಲಭ, ಮಾಡಲು ಕಷ್ಟ. ಜಾಗಟೆಗೆ ಹೊಡೆದ ಕೋಲನ್ನು ಅದಕ್ಕೇ ಒತ್ತಿ ಹಿಡಿದರೆ ನಾದ ಅಲ್ಲಿಯೇ ಸತ್ತುಹೋಗುತ್ತದಲ್ಲವೆ? ಹಾಗೆಯೇ, ಬೆರಳು ಪಟ್ಟಿಯ ಮೇಲೆಯೇ ಇದ್ದರೂ ಸುತ್ತಿಗೆ ಮಾತ್ರ ತಂತಿಯನ್ನು ತಟ್ಟಿದೊಡನೆ ಹಿಂದಕ್ಕೆ ಬೀಳಬೇಕು. ಆ ಕೀಲಿನ ಕೆಲಸವೇ ಅವನ ದೊಡ್ಡ ಸಾಧನೆ. ಇಟಾಲಿಯನ್ ಭಾಷೆಯಲ್ಲಿ ಪಿಯಾನೋ ಎಂದರೆ ಮೆಲ್ಲಗೆ, ಫೋರ್ಟೆ ಎಂದರೆ ಜೋರಾಗಿ. ಎರಡೂ ಸಾಧ್ಯವಾದುದರಿಂದ ವಾದ್ಯಕ್ಕೆ ಪಿಯಾನೋಫೋರ್ಟೆ ಎಂಬ ಹೆಸರು ಬಂದಿತು.

ಜರ್ಮನಿಯ ಸಿಲ್ಬರ್ಮನ್ ಇದನ್ನು ಅನುಸರಿಸಿ ಮಾಡಿದ ವಾದ್ಯದಲ್ಲಿ ಮೇಲಿನ ಸ್ವರಗಳು ಕ್ಷೀಣವಾಗಿವೆಯೆಂದು ಮಹಾ ಸಂಗೀತಗಾರ ಬಾಖ್ ಆಕ್ಷೇಪಿಸಿದನು. ತಿದ್ದಿದ ಮೇಲೆ ಮೆಚ್ಚಿದನು. 1821ರಲ್ಲಿ ಪ್ಯಾರಿಸಿನ ಎರಾರ್, ಒಂದೇ ಸ್ವರವನ್ನು ಬೇಗಬೇಗನೆ ಮತ್ತೆ ಮತ್ತೆ ನುಡಿಸುವಂತೆ ಕೀಲನ್ನು ಸುಧಾರಿಸಿದನು. 1825ರಲ್ಲಿ ಅಮೆರಿಕದ ಬ್ಯಾಬ್‌ಕಾಕ್ ಎರಕದ ಕಬ್ಬಿಣದ ಚೌಕಟ್ಟನ್ನು ತಂದನು. ಇಂದಿನ ಪಿಯಾನೋದಲ್ಲಿ 88 ಪಟ್ಟಿಗಳೂ 200ಕ್ಕೂ ಹೆಚ್ಚು ತಂತಿಗಳೂ ಇವೆ. ತಂತಿಗಳ ಒಟ್ಟು ಸೆಳೆತ 15ರಿಂದ 20 ಟನ್. ಬರಿಯ ಮರ ಅದನ್ನು ತಾಳುವುದೆಂತು?

ಈ ವಾದ್ಯದ ಕಥೆಯಲ್ಲಿ ನಮ್ಮ ಮೈಸೂರಿಗೂ ಒಂದು ಪಾಲಿದೆ. ಜಯಚಾಮರಾಜ ಒಡೆಯರು ಪಿಯಾನೋ ಅಭ್ಯಾಸ ಮಾಡಿ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಪದವಿಯನ್ನು ಪಡೆದಿದ್ದರು. ರಷ್ಯದ ಸಂಗೀತ ರಚನಕಾರ ಮೆಟ್ನರ್ ಲಂಡನ್ನಿನಲ್ಲಿ ನೆಲಸಿ, ಯುದ್ಧಕಾಲದಲ್ಲಿ ಬಡತನದಿಂದಲೂ ಹೃದಯದ ಬೇನೆಯಿಂದಲೂ ಬಳಲಿದ್ದನು. ಮಹಾರಾಜರ ನೆರವಿನಿಂದ ಅವನ ಕೃತಿಗಳು, ಅವನೇ ನುಡಿಸಿದಂತೆ, ಧ್ವನಿಮುದ್ರಿಕೆಗಳಾದವು. ತನ್ನ ಮೂರನೆಯ ಪಿಯಾನೋ ಕಾನ್ಸೆರ್ಟೋವನ್ನು ಅವನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. 1951ರಲ್ಲಿ ಅವನು ತೀರಿಕೊಂಡನು. ಅವನ ಕೈಯ ನಾದ ಮಾತ್ರ ಉಳಿಯಿತು. ಸಕಾಲದಲ್ಲಿ ಆ ನೆರವು ಒದಗದಿದ್ದರೆ ಎಷ್ಟೊಂದು ನಷ್ಟವಾಗುತ್ತಿತ್ತು!

ಹಾಗಾದರೆ ಪಿಯಾನೋದಲ್ಲಿ ನಮ್ಮ ರಾಗಗಳನ್ನು ನುಡಿಸಬಹುದೆ? ಸ್ವರಗಳು ದೊರೆತಾವು, ಗಮಕ ದೊರೆಯದು. ವೀಣೆಯ ತಂತಿಯನ್ನು ಮೆಟ್ಟಿಲ ಮೇಲೆ ಎಳೆದು ಸ್ವರವನ್ನು ತೂಗಬಹುದು. ಸುತ್ತಿಗೆ ತಟ್ಟಿದ ಸ್ವರ ತಟ್ಟಿದಲ್ಲಿಯೇ ನಿಲ್ಲುತ್ತದೆ. ಅದಕ್ಕೆ ಪ್ರತಿಯಾಗಿ, ಹತ್ತು ಬೆರಳುಗಳಿಂದ ಹಲವು ಸ್ವರಗಳನ್ನು ಒಮ್ಮೆಗೇ ಎಬ್ಬಿಸುವ ಶಕ್ತಿ ಪಿಯಾನೋಗಿದೆ. ಒಂದರ ಗುಣವನ್ನು ಇನ್ನೊಂದರಲ್ಲಿ ಹುಡುಕಿ ನಿರಾಶರಾಗಬೇಕಾಗಿಲ್ಲ. ಪಿಯಾನೋವನ್ನು ಅಷ್ಟು ಪ್ರೀತಿಸಿದ ಆ ಮಹಾರಾಜರೇ ವೀಣೆಯನ್ನೂ ಕಲಿತು, ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು. ಎರಡು ಬಗೆಯ ನಾದಕ್ಕೂ ಒಂದೇ ಕಿವಿಯಲ್ಲಿ ಎಡೆಯುಂಟೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?