ಮಕ್ಕಳ ಆಟದಲ್ಲಿ ಅರಳುವ ಸೃಜನಶಕ್ತಿ

(ಶತಮಾನೋತ್ಸವದ ಅಂಗವಾಗಿ ಜರುಗಿದ ತಾಯಿತಂದೆಗಳ ಸಭೆಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಈ ಸಂಭ್ರಮದಲ್ಲಿ ಹಿರಿಯರ ಸಾಧನೆಯನ್ನು ಸ್ಮರಿಸುತ್ತಿರುವ ನಾವು, ನಮ್ಮ ನಡುವಿನ ಅತ್ಯಂತ ಕಿರಿಯರ ಕುರಿತು ಎರಡು ಮಾತುಗಳನ್ನು ಆಡಬಯಸುತ್ತೇವೆ. ನಮ್ಮದೇ ಒಂದು ತಪ್ಪಿನಿಂದ ಆರಂಭಿಸುವುದು ಉಚಿತವೆಂದು ತೋರುತ್ತದೆ.

ನಮ್ಮ ಮನೆಯ ನಾಲ್ಕು ವರ್ಷದ ಹೆಣ್ಣುಮಗು ಒಂದು ದಿನ ಸ್ಲೇಟಿನ ಮೇಲೆ ತನ್ನ ತಂದೆಯ ಚಿತ್ರವನ್ನು ಬರೆದು ತಂದಿತು. ದೊಡ್ಡದೊಂದು ತಲೆ, ಅದರಿಂದಲೇ ನೇರವಾಗಿ ಇಳಿದ ಎರಡು ಕಾಲುಗಳು. ‘ಹೊಟ್ಟೆ ಎಲ್ಲಿ?’ ಎಂದು ನಗುತ್ತಾ ಕೇಳಿ, ಅದರ ಕೈಹಿಡಿದು ಹೊಟ್ಟೆಯನ್ನೂ ಅಂಗಿಯ ಗುಂಡಿಗಳನ್ನೂ ಬರೆಯಿಸಿದೆವು. ಚಿತ್ರವೇನೋ ಸರಿಯಾಯಿತು. ಆದರೆ ಮರುದಿನ ಮಗು ಸ್ಲೇಟನ್ನೂ ಬಳಪವನ್ನೂ ನಮ್ಮ ಕೈಗಿತ್ತು, ‘ನೀವೇ ಬರೆದುಕೊಡಿ, ನನಗೆ ಬರುವುದಿಲ್ಲ’ ಎಂದಿತು. ಬಹುಕಾಲ ಅದು ತಾನಾಗಿ ಬಳಪ ಹಿಡಿಯಲಿಲ್ಲ.

ತರುವಾಯ ತಿಳಿದುಬಂದುದೇನೆಂದರೆ, ನಾನಾ ದೇಶಗಳ ಮಕ್ಕಳು ಮೂರು ನಾಲ್ಕು ವರ್ಷದ ಪ್ರಾಯದಲ್ಲಿ ಮನುಷ್ಯನನ್ನು ಹೀಗೆಯೇ ಬರೆಯುತ್ತಾರೆ. ಒಂದೂವರೆ ವರ್ಷದ ಸುಮಾರಿಗೆ ಬರಿಯ ಗೀಚು. ಆ ಮೇಲೆ ಸುತ್ತುಗೆರೆ. ಆ ಸುತ್ತಿಗೆ ಕಣ್ಣು, ಬಾಯಿ, ಕಾಲು. ಹೊಟ್ಟೆ ಬರುವುದು ತಡವಾಗಿ, ಆದರೆ ತಾನಾಗಿಯೇ. ನಾವು ತಪ್ಪೆಂದು ತಿದ್ದಿದ್ದು ಬೆಳವಣಿಗೆಯ ಒಂದು ಮೆಟ್ಟಿಲನ್ನು.

ಮಗುವಿನ ಆಟಕ್ಕೆ ಬೆಲೆ ಕೊಡಬೇಕೆಂಬ ಮಾತು ಹೊಸದಲ್ಲ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಅವರು 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯರಿಗಾಗಿ ಸಂಸ್ಥೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. ಅವರು ಮಕ್ಕಳಿಗೆ ಕೊಟ್ಟದ್ದು ಉಣ್ಣೆಯ ಚೆಂಡು, ಮರದ ಗುಂಡು, ಎಂಟು ತುಂಡುಗಳಾಗಿ ಬಿಡಿಸಬಹುದಾದ ಮರದ ಘನ. ಅವೇ ಎಂಟು ತುಂಡುಗಳು ಒಮ್ಮೆ ಕುರ್ಚಿ, ಒಮ್ಮೆ ಸೇತುವೆ, ಮತ್ತೊಮ್ಮೆ ಮೆಟ್ಟಿಲು. ಈ ನಿರಪಾಯದ ಆಟವನ್ನೂ ಶಂಕಿಸಿದ ಪ್ರಶ್ಯದ ಸರಕಾರ 1851ರಲ್ಲಿ ಇಂತಹ ಶಾಲೆಗಳನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1860ರಲ್ಲಿ. ಎಲ್.ಕೆ.ಜಿ., ಯು.ಕೆ.ಜಿ. ಎಂದು ನಾವು ದಿನವೂ ಆಡುವ ಹೆಸರಿನಲ್ಲಿ ಆ ತೋಟವೇ ಅಡಗಿದೆ. ಆದರೆ ಕಾಪಿ ಬರೆದು ಬೆರಳು ನೋಯಿಸಿಕೊಳ್ಳುವ ನಮ್ಮ ಕಂದಮ್ಮಗಳಿಗೆ ತೋಟವೆಲ್ಲಿ?

ಇಟಲಿಯ ರೆಜಿಯೊ ಎಮಿಲಿಯಾ ನಗರದ ಸಮೀಪದ ಹಳ್ಳಿಯೊಂದರ ಜನರು 1945ರಲ್ಲಿ, ಯುದ್ಧ ಮುಗಿದೊಡನೆ, ಸೈನ್ಯ ಬಿಟ್ಟುಹೋದ ಟ್ಯಾಂಕು, ಲಾರಿ, ಕುದುರೆಗಳನ್ನು ಮಾರಿ ಮಕ್ಕಳ ಶಾಲೆ ಕಟ್ಟತೊಡಗಿದರು. ಅವರೊಡನೆ ಸೇರಿದ ಶಿಕ್ಷಕ ಲೋರಿಸ್ ಮಲಗುಜ್ಜಿಯವರ ಮುಂದಾಳುತನದಲ್ಲಿ ಆ ನಗರದ ಶಿಶುಶಾಲೆಗಳು ಲೋಕವಿಖ್ಯಾತವಾದವು. ಅಲ್ಲಿ ಚಿತ್ರ, ಮಣ್ಣಿನ ಕೆಲಸಕ್ಕೆ ಪ್ರತ್ಯೇಕ ಕೊಠಡಿಯಿದೆ. ಮಕ್ಕಳು ಆಡಿದ ಮಾತನ್ನು ಶಿಕ್ಷಕರು ಬರೆದಿಡುತ್ತಾರೆ. ಬಡತನದಲ್ಲಿದ್ದವರೂ ಮಕ್ಕಳ ಆಟಕ್ಕೆ ಅಷ್ಟು ಬೆಲೆ ಕಟ್ಟಿದರು.

ನಮಗಂತೂ ಹೆಚ್ಚಿನ ಖರ್ಚೇ ಇಲ್ಲ. ತೆಂಗಿನ ಗರಿ, ಗೆರಟೆ, ಬಾಳೆದಿಂಡು, ಜೇಡಿಮಣ್ಣು, ಹಳೆಯ ಸೀರೆಯ ತುಂಡು, ಇದ್ದಿಲು – ಇವು ಸಾಕು. ಗೆರಟೆ ಬೆಳಿಗ್ಗೆ ಅಡುಗೆಯ ಪಾತ್ರೆ, ಮಧ್ಯಾಹ್ನ ದೋಣಿ, ಸಂಜೆ ಆಮೆಯ ಬೆನ್ನು. ಕೀಲಿ ಕೊಟ್ಟರೆ ಓಡುವ ಕಾರು ಕಾರಾಗಿಯೇ ಉಳಿಯುತ್ತದೆ. ಮೊಬೈಲಾದರೋ ಮಗು ಕಲ್ಪಿಸುವ ಮುನ್ನವೇ ಎಲ್ಲವನ್ನೂ ತೋರಿಸಿಬಿಡುತ್ತದೆ. ಮಾದರಿಯನ್ನು ಮುಂದಿಟ್ಟು ‘ಇದರಂತೆಯೇ ಮಾಡು’ ಎನ್ನದಿರೋಣ. ಬಹುಮಾನದ ಆಸೆಯಿಂದ ಮಕ್ಕಳ ಹೆಸರಿನಲ್ಲಿ ನಾವೇ ಚಿತ್ರ ಬರೆಯುವ ಚಪಲವನ್ನೂ ಬಿಡೋಣ.

ಹಾಗೆಂದು ಮಕ್ಕಳನ್ನು ಅವರ ಪಾಡಿಗೆ ಬಿಟ್ಟು ನಡೆಯಬೇಕೆಂದಲ್ಲ. ಗಂಟಲಲ್ಲಿ ಸಿಕ್ಕಬಹುದಾದ ಸಣ್ಣ ಬೀಜ, ಹರಿತವಾದ ವಸ್ತುಗಳು ಎಳೆಯರ ಕೈಗೆ ಸಿಗಬಾರದು. ಆಟ ಮುಗಿದ ಮೇಲೆ ಜಾಗವನ್ನು ಗುಡಿಸುವ ಅಭ್ಯಾಸವೂ ಇರಲಿ. ಹತ್ತಿರ ಕುಳಿತಿರೋಣ, ನೋಡೋಣ, ಕೇಳಿದರೆ ಮಾತ್ರ ನೆರವಾಗೋಣ.

ಪ್ರಿಯ ಬಾಂಧವರೇ, ಈ ದೇವಾಲಯದ ಕಲ್ಲುಗಳನ್ನು ಕೆತ್ತಿ ಜೋಡಿಸಿದ ಕೈಗಳೂ ಬಾಲ್ಯದಲ್ಲಿ ಮರಳಿನ ಮನೆ ಕಟ್ಟಿ ಆಡಿದ ಕೈಗಳೇ ಆಗಿದ್ದಿರಬೇಕು. ಇಂದು ಮನೆಗೆ ಹೋದಾಗ ಮಗು ತನ್ನ ಚಿತ್ರವನ್ನು ತಂದು ತೋರಿಸಿದರೆ, ‘ಹೊಟ್ಟೆ ಎಲ್ಲಿ?’ ಎಂದು ಕೇಳದಿರೋಣ. ‘ಇದರ ಕಥೆ ಹೇಳು ಮಗು’ ಎನ್ನೋಣ. ಅದು ಹೇಳಿ ಮುಗಿಸುವವರೆಗೂ ತಾಳ್ಮೆಯಿಂದ ಕೇಳೋಣ.