ಅಡುಗೆಮನೆಯಲ್ಲೊಂದು ಜಗಲಿ



ಮೈಸೂರಿನ ಉದಯಗಿರಿಯಲ್ಲಿ ನನ್ನ ಅಕ್ಕನ ಮನೆಯಿದೆ. ಅಡುಗೆಮನೆ 8 ಅಡಿ ಅಗಲ, 10 ಅಡಿ ಉದ್ದ. ಊಟದ ಮೇಜು ಹಾಕಲು ಜಾಗವಿಲ್ಲ. ಎಲ್ಲರೂ ನಡುಮನೆಯಲ್ಲಿ ನೆಲದ ಮೇಲೆ ಕುಳಿತು ಉಣ್ಣುತ್ತಿದ್ದರು. ಕಳೆದ ವರ್ಷ ಅಕ್ಕನ ಅತ್ತೆಯವರಿಗೆ ಮಂಡಿನೋವು ಹೆಚ್ಚಾಯಿತು. ನೆಲದಿಂದ ಏಳಲಾಗದೆ ಅವರು ಮಂಚದ ಮೇಲೆ ಒಬ್ಬರೇ ಊಟ ಮಾಡತೊಡಗಿದರು. ಅಕ್ಕನೋ, ಎಲ್ಲರಿಗೂ ಬಡಿಸಿ, ಕೊನೆಗೆ ಒಲೆಯ ಪಕ್ಕದಲ್ಲಿ ನಿಂತೇ ಉಣ್ಣುವಳು.

ಪಿ.ಯು.ಸಿ. ಓದುತ್ತಿರುವ ಅವಳ ಮಗ, "ಮಾಮ, ಅಡುಗೆಮನೆಯಲ್ಲೇ ಕೂರೋಕೆ ಒಂದು ಜಗಲಿ ಕಟ್ಟಿದರೆ ಹೇಗೆ?" ಎಂದ. ಕೈಯಲ್ಲಿದ್ದುದು ಎರಡು ಸಾವಿರ ರೂಪಾಯಿ. ಹಣ ಕಡಿಮೆಯಿದ್ದರೆ ಅಳತೆ ಸರಿಯಾಗಿರಬೇಕು. ತಪ್ಪನ್ನು ತಿದ್ದಲು ಮತ್ತೆ ಖರ್ಚು ಮಾಡುವಂತಿಲ್ಲ.

ಮೊದಲು ಅಳೆದದ್ದು ಗೋಡೆಯನ್ನಲ್ಲ, ಮನುಷ್ಯರನ್ನು. ಹಿಮ್ಮಡಿಯಿಂದ ಮಂಡಿಯ ಹಿಂಭಾಗದವರೆಗೆ ಹುಡುಗನಿಗೆ ಹದಿನೇಳೂವರೆ ಇಂಚು, ಅಕ್ಕನಿಗೆ 16, ಅತ್ತೆಯವರಿಗೆ 15. ಆಸನ ಇದಕ್ಕಿಂತ ಎತ್ತರವಾದರೆ ಕಾಲು ನೇತಾಡುತ್ತದೆ, ಹಲಗೆಯ ಅಂಚು ತೊಡೆಯನ್ನು ಒತ್ತುತ್ತದೆ. ತಗ್ಗಾದರೆ ಏಳುವಾಗ ಮಂಡಿಯ ಮೇಲೆ ಹೆಚ್ಚು ಬಲ ಬೀಳುತ್ತದೆ. ನೋವಿರುವವರಿಗೆ ಎತ್ತರದ ಆಸನವೇ ವಾಸಿ. ಅದಕ್ಕೇ ಹದಿನೇಳೂವರೆ ಇಂಚು ಎಂದು ಗೊತ್ತುಮಾಡಿದೆವು. ಒಬ್ಬರಿಗೆ 20 ಇಂಚಿನಂತೆ ಮೂವರಿಗೆ 5 ಅಡಿ ಉದ್ದ.

16 ಇಂಚು ಉದ್ದ, 8 ಇಂಚು ಎತ್ತರ, 6 ಇಂಚು ದಪ್ಪದ ಆರು ಸಿಮೆಂಟ್ ಬ್ಲಾಕುಗಳನ್ನು ತಂದೆವು. ಒಂದರ ಮೇಲೊಂದು ಎರಡೆರಡರಂತೆ ಗಾರೆ ಹಾಕಿ, ರಸಮಟ್ಟ ಹಿಡಿದು, ಮೂರು ಕಂಬ ನಿಲ್ಲಿಸಿದೆವು. ಒಂದು ವಾರ ನೀರುಣಿಸಿದೆವು. ಇಂಥ ಬ್ಲಾಕು ಸುಮಾರು 25 ಕಿಲೋ ತೂಗುತ್ತದೆ. ಒಬ್ಬರೇ ಎತ್ತಲು ಹೋಗಬೇಡಿ. ಗುಜರಿ ಅಂಗಡಿಯಲ್ಲಿ ಸಿಕ್ಕ ಹಳೆಯ ಬಾಗಿಲನ್ನು ಕೊಯ್ಯಿಸಿ, ಉಪ್ಪು ಕಾಗದದಿಂದ ಉಜ್ಜಿ, ಮೇಲೆ ಕೂರಿಸಿದೆವು. ಅದರ ದಪ್ಪ ಒಂದೂಕಾಲು ಇಂಚು.

"ಎರಡು ಕಂಬ ಸಾಲದೇ?" ಎಂದು ಹುಡುಗ ಕೇಳಿದ. ಹಲಗೆಯ ಬಾಗುವಿಕೆ ಆಧಾರಗಳ ನಡುವಿನ ದೂರದ ಘನಕ್ಕೆ ಅನುಗುಣವಾಗಿರುತ್ತದೆ. ದೂರ ಅರ್ಧವಾದರೆ ಅದೇ ಭಾರಕ್ಕೆ ಬಾಗುವಿಕೆ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನಡುವಿನ ಕಂಬದ ಎರಡು ಬ್ಲಾಕು, ದಪ್ಪ ಹಲಗೆಯ ಖರ್ಚನ್ನು ಉಳಿಸಿದವು.

ಇನ್ನೊಂದು ಮಾತಿಗೆ ಮಾತ್ರ ನಾನು ಒಪ್ಪಲಿಲ್ಲ. ಜಗಲಿಯ ಕೆಳಗೆ ಸಿಲಿಂಡರ್ ಇಟ್ಟು ಬಾಗಿಲು ಹಾಕೋಣ ಎಂದ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರಿ ಹೋಗದೆ ನೆಲಮಟ್ಟದಲ್ಲಿ ಹರಡುತ್ತದೆ. ಮುಚ್ಚಿದ ಜಾಗದಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿಗೆ ಒಂದು ಕಿಡಿ ಸಾಕು. ಸಿಲಿಂಡರ್ ಗಾಳಿಯಾಡುವ ಕಡೆ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಆದ್ದರಿಂದ ಜಗಲಿಯ ಕೆಳಗೆ ರಾಗಿ ಡಬ್ಬವನ್ನಷ್ಟೇ ಇಟ್ಟೆವು. ಜಗಲಿಯನ್ನು ಒಲೆಗೆ ಎದುರಿನ ಗೋಡೆಗೆ ಕಟ್ಟಿದ್ದೂ ಬೆಂಕಿಯಿಂದ ದೂರವಿರಲೆಂದೇ.

ಅಡುಗೆಮನೆಯನ್ನು ಅಳತೆಯಿಂದ ನೋಡುವುದು ಹೊಸದಲ್ಲ. 1926ರಲ್ಲಿ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ ಲಿಹೊಟ್ಸ್ಕಿ ಎಂಬಾಕೆ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕರ ಮನೆಗಳಿಗಾಗಿ ಚಿಕ್ಕ ಅಡುಗೆಮನೆಯೊಂದನ್ನು ರೂಪಿಸಿದರು. ಹೆಜ್ಜೆ ಎಣಿಸಿ ಶ್ರಮ ಉಳಿಸಿದರು. ಕುಳಿತು ಕೆಲಸ ಮಾಡಲು ತಿರುಗುವ ಸ್ಟೂಲನ್ನೂ ಇಟ್ಟರು. ಆದರೆ ಸ್ಟೂಲು ಒಂದೇ. ಅಡುಗೆ ಮಾಡುವವಳನ್ನು ಅದು ಒಂಟಿಯಾಗಿಸಿತು ಎಂಬ ಟೀಕೆ ಮುಂದೆ ಬಂತು.

ನಮ್ಮ ಜಗಲಿ ಮೂವರದು. ಆದರೂ ಮೊದಲ ದಿನ ಅತ್ತೆಯವರ ಕಾಲು ನೆಲ ಮುಟ್ಟಲಿಲ್ಲ. ಅಕ್ಕ ಒಳಗಿನಿಂದ ಅವರ ಹಳೆಯ ಊಟದ ಮಣೆಯನ್ನೇ ತಂದು ಪಾದದ ಕೆಳಗಿಟ್ಟಳು. ಮಣೆಯ ಎತ್ತರ ಎರಡೂವರೆ ಇಂಚು. ನಮ್ಮ ಲೆಕ್ಕದಲ್ಲಿ ಕಡಿಮೆಯಿದ್ದದ್ದೂ ಅಷ್ಟೇ! ಈಗ ಅವರು ಅಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಾರೆ. ಹುಡುಗ ಪಕ್ಕದಲ್ಲಿ ಓದುತ್ತಾನೆ. ಅಕ್ಕ ಕುಳಿತು ಊಟ ಮಾಡುತ್ತಾಳೆ.

ನೀವೂ ಒಂದು ಟೇಪು ಹಿಡಿದು ನಿಮ್ಮ ಅಡುಗೆಮನೆಯನ್ನು ನೋಡಿ. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರೋ, ಅವರ ಅಳತೆಯನ್ನು ಮೊದಲು ತೆಗೆದುಕೊಳ್ಳಿ.